ಕರೆಂಟ್ ಮುಗದ್ರೂ ಬಾಯಾಗಿನ ಲೋಳೆ ಹೋಗವಲ್ದು, ನೀರು ನೆತ್ತಿಗೆ ಹತ್ತತದ

ಪ್ರಶ್ನೆ (ಇಂಡಿ ತಾಲ್ಲೂಕಿನಿಂದ):
ಮೇಡಂರೀ, ನಮ್ಮ ಅಪ್ಪಾರಿಗೆ ಗಂಟಲ ಕ್ಯಾನ್ಸರ್ ಇತ್ತು. 33 ಸಲ ಕರೆಂಟ್ (ರೇಡಿಯೇಶನ್) ಕೊಟ್ಟು ಮುಗದು ಮೂರು ವಾರ ಆತು. ಬಾಯಾಗ ಅಂಟಿನಂಥಾ ಲೋಳೆ, ಬೆರಳು ಹಾಕಿ ಎಳದ್ರ ದಾರದಂಗ ಬರ್ತದ. ರಾತ್ರಿ ಮೂರ್ನಾಕು ಸಲ ಎದ್ದು ಕುಂಡ್ರತಾರ. ನೀರು ಕುಡದ್ರ ನೆತ್ತಿಗೆ ಹತ್ತತದ. ಊಟ ಎಲ್ಲಾ ಮೂಗಿನ ಪೈಪಿನಿಂದಾನೇ. ಕಫ ಅಂತ ಕೆಮ್ಮಿನ ಔಷಧ ತಂದು ಹಾಕಾಕತ್ತೀವಿ. ಎಷ್ಟು ದಿನ ಹಿಂಗ?

ಉತ್ತರ (ನುಂಗುವ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್, ವಿಜಯಪುರ):
ಅದು ಎದಿಯಾಗಿನ ಕಫ ಅಲ್ರಿ, ಜೊಲ್ಲು. ನೀರಿನಂಥಾ ತೆಳ್ಳನೆ ಜೊಲ್ಲು ಮಾಡೋ ಗ್ರಂಥಿ ಕಿವಿ ಮುಂದ ಇರ್ತಾವ. ಕರೆಂಟಿಗೆ ಮೊದಲು ಸೊರಗೋವು ಅವೇ. ಉಳದದ್ದು ಜಿಗಟು. ನೆಗಡಿ-ಕೆಮ್ಮಿನ ಭಾಳಷ್ಟು ಔಷಧ ಬಾಯಿ ಇನ್ನಷ್ಟು ಒಣಗಿಸ್ತಾವ, ಡಾಕ್ಟರ್‌ನ ಕೇಳದ ಕೊಡಬ್ಯಾಡ್ರಿ. ಲೋಳೆ ವಾರಗಟ್ಟಲೆ ಕಾಡ್ತದ, ಆಮ್ಯಾಲೆ ನಿಧಾನಕ್ಕ ಕಡಿಮಿ ಆಗ್ತದ. ಬಾಯಿ ಒಣಗೋದು ಮಾತ್ರ ತಿಂಗಳುಗಟ್ಟಲೆ ಉಳೀಬಹುದು.

ಕಾಸಿ ಆರಿಸಿದ 1 ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗಿ ಸೋಡಾ. ದಿನಾ ಹೊಸಾದು ಮಾಡ್ರಿ. ಎರಡು ತಾಸಿಗೊಮ್ಮೆ ಬಾಯಿ ಮುಕ್ಕಳಿಸಿ ಮುಂದಕ್ಕ ಬಾಗಿ ಉಗುಳಲಿ. ತಲಿ ಹಿಂದಕ್ಕ ಚೆಲ್ಲಿ ಗಳಗಳ ಮಾಡೋದು ಬ್ಯಾಡ, ನೀರು ಸೀದಾ ಶ್ವಾಸನಾಳಕ್ಕ ಇಳೀತದ. ಮಲಗೋವಾಗ ತಲಿ ಎತ್ತರ ಇರಲಿ. ಪೈಪಿನಿಂದ ಕೊಟ್ಟ ಮ್ಯಾಲೆ ಅರ್ಧ ತಾಸರೆ ಕುಂತಿರಬೇಕು.

ಎಲ್ಲಾರೂ ಮೊದಲು ನೀರು ಕೊಟ್ಟು ನೋಡ್ತಾರ. ಆದ್ರ ಶ್ವಾಸನಾಳದ ಬಾಯಿ ಮುಚ್ಚೋಕಿಂತ ಮೊದಲೇ ಓಡೋದು ನೀರು. ಅಂಬಲಿ ಹದ ನಿಧಾನ ಇಳೀತದ. ಜೋಳದ ರೊಟ್ಟಿ ಜೊಲ್ಲಿಲ್ಲದ ಬಾಯಾಗ ಪುಡಿ ಆಗಿ ಅಲ್ಲಲ್ಲೇ ನಿಲ್ತದ. ಅವರಿಗೆ ಯಾವ ಹದ ಸರಿ ಅಂತ ಬೇರಿಯಂ (ಎಕ್ಸ್-ರೇದಾಗ ಕಾಣೋ ಔಷಧ) ನುಂಗಿಸಿ ಎಕ್ಸ್-ರೇ ಒಳಗ, ಇಲ್ಲಾ ಮೂಗಿನಿಂದ ಸ್ಕೋಪ್ (ಕ್ಯಾಮೆರಾ ಇರೋ ಸಣ್ಣ ನಳಿಗಿ) ಬಿಟ್ಟು ನೋಡಿ ಹೇಳಬೇಕು. ಕೆಮ್ಮು ಬರದೇ ಶ್ವಾಸನಾಳದೊಳಗ ಇಳಿಯೋದೂ ಉಂಟು.

ಪೈಪ್ ಅದ ಅಂತ ನುಂಗೋದನ್ನೇ ಬಿಟ್ರ ಗಂಟಲ ಸ್ನಾಯು ಸೊರಗತಾವ. ಅದಕ್ಕ ಜೊಲ್ಲನ್ನೇ ಜೋರು ಕೊಟ್ಟು ನುಂಗೋ ಅಭ್ಯಾಸ ಇರಲಿ. ನುಂಗಿದ ಮ್ಯಾಲೆ 'ಆ' ಅನ್ನಸ್ರಿ, ದನಿ ಹೆಂಗದ ಬರೀರಿ.

ಇನ್ನೊಬ್ಬರು (ಬಾಗಲಕೋಟೆ):
ನಮ್ಮ ಕಾಕಾಗೂ ಕರೆಂಟ್ ಆಗ್ಯದ, ದವಡಿ ಹಲ್ಲು ಕೀಳಸಬಹುದೇನ್ರಿ?

ಉತ್ತರ:
ಕರೆಂಟ್ ಕೊಟ್ಟ ಡಾಕ್ಟರ್‌ನ ಕೇಳದ ಬ್ಯಾಡ್ರಿ. ಆ ಎಲುಬು ಲಗು ಮಾಯೋದಿಲ್ಲ.

ಮೊದಲು ಕೇಳಿದವರು:
ಅಪ್ಪಾರಿಗೆ 'ಆ' ಅನ್ನಿಸಿದ್ವಿ ಮೇಡಂ. ದನಿ ಗುಳುಗುಳು ಅಂತದ, ಹುಕ್ಕದಾಗಿನ ನೀರಿನಂಗ.

ಉತ್ತರ:
ಹಂಗಾದ್ರ ದನಿಪೆಟ್ಟಿಗಿ ಮ್ಯಾಲೆ ಏನೋ ನಿಂತದ. ಕೆಮ್ಮಿಸಿ, ಮತ್ತೊಮ್ಮೆ ನುಂಗಸ್ರಿ. ಪರೀಕ್ಷಾ ಆಗೂತನಕ ಬಾಯಿಂದ ನೀರೂ ಬ್ಯಾಡ, ಅಂಬಲಿನೂ ಬ್ಯಾಡ. ನಾಳೆನೇ ನಿಮ್ಮ ಡಾಕ್ಟರ್ ಕಡೆ ಕರಕೊಂಡು ಹೋಗ್ರಿ. ಜ್ವರ ಬಂದ್ರ, ತೇಕು ಹತ್ತಿದ್ರ ಬೆಳಗಾಗೂತನಕ ಕಾಯಬ್ಯಾಡ್ರಿ.