ಸಹಾಯ ಬೇಕು: ಟೈಗರ್ ಮಾತ್ ರೆಕ್ಕೆ ಬೆಳ್ಳಗಾಗಿದೆ

ನಮಸ್ಕಾರ. ತೀರ್ಥಹಳ್ಳಿಯಲ್ಲಿ ಮೂರು ವಾರದಿಂದ ಒಂದೇ ಸಮನೆ ಮಳೆ. 1/72 ಅಳತೆಯ ಟೈಗರ್ ಮಾತ್ (ಮೇಲೊಂದು ಕೆಳಗೊಂದು ರೆಕ್ಕೆ ಇರುವ ಹಳೇ ತರಬೇತಿ ವಿಮಾನ) ಮಾಡೆಲ್ ಕಟ್ಟುತ್ತಿದ್ದೇನೆ. ರೆಕ್ಕೆ ತುದಿಯಿಂದ ತುದಿಗೆ 12 ಸೆಂ.ಮೀ. ಚಿಲ್ಲರೆ ಅಷ್ಟೇ. ಹಳದಿ ಅಕ್ರಿಲಿಕ್ ಬಣ್ಣ ತೆಳುವಾಗಿ ನಾಲ್ಕು ಕೋಟ್ ಬ್ರಶ್‌ನಲ್ಲೇ ಹಚ್ಚಿದೆ, ಚೆನ್ನಾಗಿಯೇ ಬಂದಿತ್ತು. ಮೊನ್ನೆ ಆತುರಕ್ಕೆ ಬಿದ್ದು ಜಗಲಿಯಲ್ಲೇ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಕೆಳಗಿನ ರೆಕ್ಕೆ ಪೂರ್ತಿ ಬೂಷ್ಟು ಹಿಡಿದ ಉಪ್ಪಿನಕಾಯಿ ಥರ ಬೆಳ್ಳಗಾಯಿತು!

ಹೇರ್ ಡ್ರೈಯರ್ ಹಿಡಿದೆ. ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಇಟ್ಟೆ (ಅಮ್ಮನ ಬೈಗುಳ ಬೇರೆ). ಜಗ್ಗಲಿಲ್ಲ. ಒದ್ದೆ ಬೆರಳು ಸವರಿದರೆ ಬಿಳಿ ಮಾಯ, ಒಣಗಿದರೆ ಮತ್ತೆ ಹಾಜರ್.

ಮೇಲಿನ ರೆಕ್ಕೆ ಇನ್ನೂ ಅಂಟಿಸಿಲ್ಲ. ಬಣ್ಣ ಪೂರ್ತಿ ತೆಗೆದರೆ ಡೆಕಾಲ್ (ಅಂಟಿಸಿದ ಗುರುತಿನ ಚಿತ್ರಗಳು) ಹಾಳಾಗುತ್ತೆ, ಬೇರೆ ಸೆಟ್ ಇಲ್ಲ. ಇದರ ಮೇಲೇ ಗ್ಲಾಸಿ ವಾರ್ನಿಶ್ ಬ್ರಶ್‌ನಲ್ಲಿ ಹಚ್ಚಿದರೆ ಬಿಳಿ ಹೋಗುತ್ತಾ, ಇಲ್ಲಾ ತೆಗೆಯಲೇಬೇಕಾ? ಮಾಡಿ ನೋಡಿದವರು ಯಾರಾದ್ರೂ ಇದ್ದೀರಾ?