ಲಕ್ವಾ ಹೊಡೆದವರನ್ನ ಒಬ್ರ ನೋಡ್ಕೊಳ್ಳೋ ಮನ್ಯಾಗ ಯಾವ ಸಾಧನ ಬೇಕು?

ನವನಗರ_ಹುಬ್ಬಳ್ಳಿ:
ಮಾವನವರಿಗೆ ಬಲಗಡೆ ಲಕ್ವಾ, ಮಾತು ಹೊರಡಂಗಿಲ್ಲ. ನೋಡ್ಕೊಳ್ಳೋರು ಅತ್ತಿಯವರೊಬ್ರ. ಅಡಿಗಿಮನ್ಯಾಗಿದ್ರ ಕರದದ್ದು ತಿಳಿಯಂಗಿಲ್ಲ. ರಾತ್ರಿ ಮಗ್ಗಲು ಬದಲಿಸೋದು, ಬಿಪಿ ಬರಕೊಳ್ಳೋದು ತಪ್ಪತೈತಿ. ಏನು ತಗೋಬೇಕ್ರಿ?

ಫಿಸಿಯೋ_ಧಾರವಾಡ:
ಮೊದಲು ವೈರ್‌ಲೆಸ್ ಬೆಲ್. ಗುಂಡಿ ಎಡಗೈಗೆ ಸಿಗೂ ಹಂಗ ಕಟ್ರಿ, ಬಲಗಡೆ ಇಟ್ರ ದಂಡ. ಪ್ಲಗ್‌ಗೆ ಸಿಗಿಸೂ ರಿಸೀವರ್ ಕರೆಂಟ್ ಹೋದ ಕೂಡ್ಲೆ ಸುಮ್ಮನಾಗತೈತಿ, ಬ್ಯಾಟರಿದು ತಗೋರಿ. ಮಗ್ಗಲಿಗೆ ಫೋನ್‌ನ್ಯಾಗ 2 ತಾಸಿಗೊಂದು ಅಲಾರಂ. ಅದಕ್ಕ ‘ಎಡಕ್ಕ’, ‘ಬೆನ್ನಿಗೆ’, ‘ಬಲಕ್ಕ’ ಅಂತ ಹೆಸರು ಇಡ್ರಿ. ಇಲ್ಲಂದ್ರ ನಿದ್ದಿಗಣ್ಣಾಗ ಯಾವ ಮಗ್ಗಲು ಅನ್ನೋದ ಮರೀತೈತಿ. ಹೊರಳಿಸುವಾಗ ಬಲತೋಳು ಹಿಡದು ಜಗ್ಗಬ್ಯಾಡ್ರಿ, ಸ್ನಾಯು ಸೋತಿರತಾವ, ಭುಜದ ಕೀಲು ಜಾರತೈತಿ.

ಗದಗ_ಸಿಸ್ಟರ್:
ಬಿಪಿ ಎಡಗೈಗೇ ನೋಡ್ರಿ, 5 ನಿಮಿಷ ಸುಮ್ಮನ ಕೂತ ಮ್ಯಾಲೆ. ತೋಳಿಗಿಂತ ಪಟ್ಟಿ ಸಣ್ಣದಾದ್ರ ಅಂಕಿ ಹೆಚ್ಚು ತೋರಸ್ತದ. ಬರಿಯೋದೇ ಬ್ಯಾಡ, ಮಷಿನ್ ಪರದೆ ಫೋಟೊ ಮನಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ರ ತಾರೀಖು, ವ್ಯಾಳ್ಯಾ ತಾನ ಬರ್ತಾವ. ಇದಕ್ಕ ರೊಕ್ಕ ಕೊಟ್ಟು ಆ್ಯಪ್ ಯಾಕ ಬೇಕು? ಮಾತಿನ ಬದಲಿ ಬೊಟ್ಟು ಮಾಡಿ ತೋರಸಾಕ ನೀರಿನ ಲೋಟ, ಸಂಡಾಸ, ಹಾಸಿಗಿ, ಗುಳಿಗಿ ಎಲ್ಲಾ ನಿಮ್ಮ ಮನೀವೇ ಫೋಟೊ ತಗದು ದೊಡ್ಡದಾಗಿ ಪ್ರಿಂಟ್ ಹಾಕಸ್ರಿ. ಒಂದು ಹಾಳಿಗೆ 6 ಸಾಕು, ಹೆಚ್ಚಾದ್ರ ಗೊಂದಲ. ಊಟಾದ ಮ್ಯಾಲೆ 30 ನಿಮಿಷ ಮಲಗಿಸಬ್ಯಾಡ್ರಿ, ಅದಕ್ಕೂ ಟೈಮರ್.

ಹಾವೇರಿ_ಓದುಗ:
ಅತ್ತಿಯವರಿಗೆ ಮನಸ್ಸು ಕುಗ್ಗಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416: ಪುಕ್ಕಟೆ, 24 ತಾಸು, ಕನ್ನಡದಾಗ ಮಾತಾಡ್ತಾರ. ಮಾವನವರಿಗೆ ಮತ್ತ ಮುಖ ಸೊಟ್ಟಾದ್ರ ಕೂಡ್ಲೆ 108. ಕಡೀಕ ಯಾವಾಗ ಛಲೋ ಇದ್ರು ಅನ್ನೋ ವ್ಯಾಳ್ಯಾ ಡಾಕ್ಟರಿಗೆ ಹೇಳ್ರಿ. ರಕ್ತದ ಹೆಪ್ಪು ಕರಗಿಸೂ ಇಂಜೆಕ್ಷನ್‌ಗೆ ಆ ವ್ಯಾಳ್ಯಾದಿಂದ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು.