ಬಿಡದಿಗೋ, ಮೈಸೂರಿಗೋ? ಐದು ಜನ, ಒಂದೇ ದಿನ

ಮಂಡ್ಯದ ಸೊಸೆ

ಮಂಡ್ಯದವರಿಗೆ ಇದೊಂದು ಕಷ್ಟ. ನೀರಾಟದ ಪಾರ್ಕಿಗೆ ಅಂತ ಈ ಕಡೆ ಹೋದರೆ ಮೈಸೂರಿನ ಜಿಆರ್‌ಎಸ್, ಆ ಕಡೆ ಹೋದರೆ ಬಿಡದಿ ಹತ್ತಿರದ ವಂಡರ್‌ಲಾ. ಎರಡೂ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ದೂರ. ಬೇಸಿಗೆ ರಜೆ ಶುರುವಾದಾಗಿನಿಂದ ಮನೆಯಲ್ಲಿ ದಿನಾ ಇದೇ ಪಂಚಾಯ್ತಿ.

ನಾನು, ನಮ್ಮನೆಯವರು, ಎಂಟನೇ ಕ್ಲಾಸ್ ಮುಗಿಸಿದ ಮಗಳು, ಐದು ವರ್ಷದ ಮಗ, ಮತ್ತೆ ನಮ್ಮತ್ತೆ. ಅತ್ತೆಗೆ ಅರವತ್ತಾರು, ಮಂಡಿನೋವು. ನೀರಿಗೆ ಇಳಿಯಲ್ಲ ಅಂತ ಮೊದಲೇ ಹೇಳಿದ್ದಾರೆ. ಹಾಗಂತ ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಮಗಳಿಗೆ ವಂಡರ್‌ಲಾನೇ ಬೇಕು, ಕ್ಲಾಸಿನವರೆಲ್ಲ ಹೋಗಿ ಬಂದಿದ್ದಾರಂತೆ. ಮಗನಿಗೆ ಒಂದು ಬಕೆಟ್ ನೀರು ಕೊಟ್ಟರೂ ಸಾಕು.

ಹೋದ ವರ್ಷ ಬೇರೆ ಒಂದು ಪಾರ್ಕಿಗೆ ಹೋಗಿ ಬುದ್ಧಿ ಕಲಿತಿದ್ದೇನೆ. ನಾನು ಕಾಟನ್ ಚೂಡಿದಾರ್, ಮಗಳು ಕಾಟನ್ ಟೀ ಶರ್ಟ್. ಟಿಕೆಟ್ ಹರಿದು ಒಳಗೆ ಬಿಟ್ಟರು, ನೀರಿನ ಹತ್ತಿರ ಹೋದ ಮೇಲೆ ತಡೆದರು. ಅಲ್ಲೇ ನೈಲಾನ್ ಬಟ್ಟೆ ಕೊಂಡೆವು. ಒಂದೇ ಒಗೆತಕ್ಕೆ ಹೊಲಿಗೆ ಬಿಟ್ಟಿತು. ಚಿತ್ರಾನ್ನದ ಡಬ್ಬಿ ಬಿಸಿಲಲ್ಲಿ ನಿಂತ ಕಾರಿನಲ್ಲೇ ಉಳಿದು ಸಂಜೆಗೆ ಹಳಸಿತ್ತು. ಅದಕ್ಕೇ ಈ ಸಲ ಕೇಳಿಕೊಂಡು ಹೊರಡೋಣ ಅಂತ.

ಕೆಂಪು ಆಲ್ಟೋ

ವಂಡರ್‌ಲಾ. ಯೋಚನೆನೇ ಬೇಡ. 2005ರಿಂದ ನಡೀತಿದೆ, ಜಾಗ ದೊಡ್ಡದು, ಆಟ ಜಾಸ್ತಿ. ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಹೋಗಿ, ಮಧ್ಯಾಹ್ನದವರೆಗೆ ಹಸಿವಾಗಲ್ಲ. ಬೈಕಿನಲ್ಲಿ ಬರೋ ಯೋಚನೆ ಇದ್ದರೆ ಮಾತ್ರ ಸರ್ವಿಸ್ ರೋಡ್. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೋ ಬಿಡಲ್ಲ.

ಮಂಡ್ಯದ ಸೊಸೆ

ಐದು ಜನ ಬೈಕಿನಲ್ಲಾ ಅಣ್ಣ?

ಅವಳಿ ಮಕ್ಕಳ ಅಮ್ಮ

ಅಕ್ಕಾ, ಮೊದಲು ಮಗನ ಎತ್ತರ ಅಳೆಯಿರಿ. ವಂಡರ್‌ಲಾದಲ್ಲಿ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಫ್ರೀ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅದನ್ನು ದಾಟಿದರೆ ದೊಡ್ಡವರ ದುಡ್ಡು. ಶನಿವಾರ, ಭಾನುವಾರ ರೇಟೂ ಜಾಸ್ತಿ, ಕ್ಯೂನೂ ಜಾಸ್ತಿ.

ಟಿಕೆಟ್ ಹೋಗಲಿ ಬಿಡಿ, ದೊಡ್ಡ ಜಾರುಬಂಡೆಗಳಿಗೂ ಎತ್ತರ ನೋಡುತ್ತಾರೆ. ನನ್ನ ಅವಳಿಗಳು ಒಂದೇ ವಯಸ್ಸು, ಆದರೆ ಮಗ ಮಗಳಿಗಿಂತ ನಾಲ್ಕು ಬೆರಳು ಗಿಡ್ಡ. ಅಳತೆ ಕಂಬದ ಹತ್ತಿರ ಅವಳನ್ನು ಬಿಟ್ಟರು, ಇವನನ್ನು ಬಿಡಲಿಲ್ಲ. ಆಮೇಲೆ ಇಡೀ ದಿನ ಅವನ ಮುಖ ನೋಡಕ್ಕಾಗಲಿಲ್ಲ. ಚಿಕ್ಕವರು ಇದ್ದ ಮೇಲೆ ನೀವು ದಿನ ಕಳೆಯೋದು ಚಿಕ್ಕ ಮಕ್ಕಳ ಕೊಳದಲ್ಲಿ, ಅಲೆಯ ಕೊಳದ ಅಂಚಿನಲ್ಲಿ. ಅದಕ್ಕೆ ಎಷ್ಟು ದೊಡ್ಡ ಪಾರ್ಕ್ ಬೇಕು ಹೇಳಿ?

ಅಲೆಯ ಕೊಳದಲ್ಲಿ ಒಂದು ಮಾತು ನೆನಪಿಡಿ. ನೆಲ ಇಳಿಜಾರು, ಒಳಗೆ ಹೋದಷ್ಟೂ ಆಳ. ಅಲೆ ಶುರುವಾದ ತಕ್ಷಣ ಜನ ಎಲ್ಲ ಒಂದೇ ಸಲ ಒಳಗೆ ನುಗ್ಗುತ್ತಾರೆ. ಮಗನ ಕೈ ಅಲ್ಲ, ರಟ್ಟೆ ಹಿಡ್ಕೊಳ್ಳಿ. ಒದ್ದೆ ಕೈ ಜಾರುತ್ತೆ.

ಒಂಟಿಕೊಪ್ಪಲು ತಾತ

ತಾಯಿ, ನಿಮ್ಮ ಅತ್ತೆಯವರ ಕಡೆಯಿಂದ ಒಂದು ಮಾತು. ಹೋದ ಮೇ ತಿಂಗಳು ಮೊಮ್ಮಕ್ಕಳ ಜೊತೆ ನಾನೂ ಇಂಥ ಕಡೆ ಹೋಗಿದ್ದೆ. ನೀರು ಮುಟ್ಟಲಿಲ್ಲ, ಟಿಕೆಟ್ ಮಾತ್ರ ಪೂರ್ತಿ ಕೊಟ್ಟೆ. ಎಲ್ಲರ ಚಪ್ಪಲಿ, ಟವೆಲ್ಲು, ಲಾಕರ್ ಕೀ ಕಾಯುತ್ತಾ ಐದು ಗಂಟೆ ಕೂತಿದ್ದೆ. ಬಿಸಿಲಿಗೆ ಮೂರು ಸಲ ಬೆಂಚು ಬದಲಾಯಿಸಿದೆ. ವಯಸ್ಸಾದವರಿಗೆ ವಂಡರ್‌ಲಾದಲ್ಲಿ ಟಿಕೆಟ್ ಸ್ವಲ್ಪ ಕಮ್ಮಿ, ನಿಜ. ಆದರೆ ಕೂರುವ ಕಷ್ಟ ಕಮ್ಮಿ ಆಗುತ್ತದೆಯೇ?

ಜಿಆರ್‌ಎಸ್ ಇರುವುದು ಮೈಸೂರು ಊರಿನ ಅಂಚಿನಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಮೇಟಗಳ್ಳಿ ಹತ್ತಿರ. ನೀವು ರೈಲಿನಲ್ಲಿ ಬಂದರೂ ಸ್ಟೇಷನ್ನಿನಿಂದ ಆಟೋ ಸಾಕು. ಮೈಸೂರಿನಲ್ಲಿ ನೆಂಟರು ಇದ್ದರೆ ಅತ್ತೆಯವರನ್ನು ಅಲ್ಲಿ ಬಿಟ್ಟು ಹೋಗಿ. ಇನ್ನೊಂದು, ಆದಷ್ಟು ಬೇಗ ಒಳಗೆ ಹೋಗಿ. ನಮ್ಮ ಕಡೆ ಈ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಟ್ಟುತ್ತದೆ. ಸಿಡಿಲು ಶುರುವಾದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸಬೇಕಾಗುತ್ತದೆ.

ಕೆಂಪು ಆಲ್ಟೋ

ತಾತ ಹೇಳಿದ್ದು ಸರಿ. ಆದರೆ ಎಂಟನೇ ಕ್ಲಾಸ್ ಹುಡುಗಿಗೆ ನೀವು ಅನ್ಯಾಯ ಮಾಡ್ತಿದ್ದೀರಿ. ತಮ್ಮನ ಎತ್ತರಕ್ಕೆ ಅಕ್ಕನನ್ನು ಯಾಕೆ ಕುಗ್ಗಿಸ್ತೀರಿ?

ಮಂಡ್ಯದ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಟೈಲರ್ ಟೇಪ್ ತಂದು ಬಾಗಿಲ ಚೌಕಟ್ಟಿಗೆ ಇಬ್ಬರನ್ನೂ ನಿಲ್ಲಿಸಿದೆ. ಮಗ 108, ಅದೂ ಹಿಮ್ಮಡಿ ಎತ್ತಿ. ಮಗಳು 151. ನಾನು ಟೇಪ್ ಸುತ್ತಿಡುವಷ್ಟರಲ್ಲೇ ಅವಳಿಗೆ ಗೊತ್ತಾಗಿತ್ತು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಾತನ ಮಾತನ್ನು ಅತ್ತೆಗೆ ಓದಿ ಹೇಳಿದೆ. ಬೆಂಚಿನ ಕಥೆಗೆ ನಕ್ಕೇ ನಕ್ಕರು. ಆಮೇಲೆ, "ಮೈಸೂರಿನ ಒಂಟಿಕೊಪ್ಪಲಿನಲ್ಲೇ ನಮ್ಮ ತಂಗಿ ಇಲ್ವೇನೇ? ನನ್ನ ಅಲ್ಲಿ ಬಿಟ್ಬಿಡಿ. ಅವಳ ಹತ್ರ ಮಾತಾಡಿ ಎರಡು ವರ್ಷ ಆಯ್ತು" ಅಂದರು. ನಾನು ಅವರಿಗೋಸ್ಕರ ಒದ್ದಾಡ್ತಿದ್ದೆ, ಅವರು ತಂಗಿ ಮನೆಗೆ ಕಾರಣ ಹುಡುಕ್ತಿದ್ದರು ಅನ್ನಿಸುತ್ತೆ.

ಹಾಗಾಗಿ ಬುಧವಾರ ಮೈಸೂರು. ನೈಲಾನ್ ಬಟ್ಟೆ ಇಲ್ಲೇ ಪೇಟೆಬೀದಿಯಲ್ಲಿ ತಗೊಂಡೆ, ಹೊಲಿಗೆ ಎಳೆದು ನೋಡಿ. ಚಿತ್ರಾನ್ನ ಈ ಸಲವೂ ಇರುತ್ತೆ, ಆದರೆ ಚಿಕ್ಕತ್ತೆ ಮನೆಗೆ.

ಕೆಂಪು ಆಲ್ಟೋ ಅವರೇ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಕೆಂಗೇರಿಯಲ್ಲಿ ನನ್ನ ಮೈದುನ ಇದ್ದಾನೆ, ಮದುವೆ ಆಗಿಲ್ಲ, ಭಾನುವಾರ ಮಧ್ಯಾಹ್ನದವರೆಗೆ ಮಲಗುವವನು. ಮಗಳನ್ನು ಬಿಡದಿಗೆ ಕರ್ಕೊಂಡು ಹೋಗ್ತೀಯಾ ಅಂತ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಟಿಕ್ ಬಂದು ಅರ್ಧ ದಿನ ಆಯ್ತು.